ಅತ್ತೆಯವರ ದೊರೆಗೊಂದು ಮೈಸೂರು ಪೇಟ

ಗರಾಜ್ ಸ್ವಚ್ಛ ಮಾಡುವುದೆಂದರೆ ನನ್ನ ಪಾಲಿಗೆ ಒಂದೊಂದೇ ಸಾಮಾನನ್ನು ಎತ್ತಿ, ಧೂಳು ಒರೆಸಿ, ‘ಯಾವತ್ತಾದರೂ ಬೇಕಾಗುತ್ತೆ’ ಎಂದುಕೊಂಡು ಇದ್ದ ಜಾಗದಲ್ಲೇ ಮತ್ತೆ ಇಡುವ ಕೆಲಸ. ಎರಡು ಕಾರು ನಿಲ್ಲಿಸಲೆಂದು ಕಟ್ಟಿದ ಜಾಗದಲ್ಲಿ ಇಷ್ಟು ವರ್ಷ ಒಂದು ಕಾರೂ ನಿಂತಿಲ್ಲ ಎಂದು ನನ್ನ ಹೆಂಡತಿ ಸುಮಾ ಬಂದವರೆದುರೆಲ್ಲ ದೂರುತ್ತಾಳೆ. ಇದು ಪೂರ್ತಿ ನಿಜವಲ್ಲ. ಒಂದು ಕಾರು ನಿಂತಿತ್ತು. ಹೋದ ಶನಿವಾರ ಅದು ಹಳೆಯ ಕಂಬಳಿಯೊಂದರ ಕೆಳಗಿನಿಂದ ಮಗಳು ಮೇಘನಾಳ ಕೈಗೆ ಸಿಕ್ಕಿತು. ಕೆಂಪು ಬಣ್ಣದ, ಮುಂಗೈಯಷ್ಟು ಉದ್ದದ ಸ್ಪೋರ್ಟ್ಸ್ ಕಾರು.

“ಅಪ್ಪಾ, ವಾಸ್ ದಿಸ್ ಮೈ ಟಾಯ್?”

“ಅಲ್ಲಮ್ಮ, ಅದು ಮೈಸೂರು ಅಜ್ಜಿದು.”

“ಅಜ್ಜಿ ಹ್ಯಾಡ್ ಅ ಟಾಯ್ ಕಾರ್?” ಎಂದು ಅವಳು ನಕ್ಕಳು. ಅವಳ ನೆನಪಿನ ಅಜ್ಜಿ ಕನ್ನಡಕದ ಮೇಲಿಂದ ನೋಡಿ ಜನರ ಇಂಗ್ಲಿಷ್ ತಿದ್ದುವವರು. ಆಟಿಕೆಗೂ ಆ ಅಜ್ಜಿಗೂ ಅವಳಿಗೆ ಹೊಂದಿಕೆಯಾಗಲಿಲ್ಲ.

ನಾನು ಆ ಕಾರಿನ ಮೂತಿ ಒತ್ತಿ ತೋರಿಸಿದೆ. ಮೇಲಿನ ಮುಚ್ಚಳ ಟಪ್ಪನೆ ತೆರೆದುಕೊಂಡಿತು. ಒಳಗೆ ವಿಡಿಯೋ ಕ್ಯಾಸೆಟ್ ಕೂರುವಷ್ಟು ಗೂಡು. ಕ್ಯಾಸೆಟ್ ಇಟ್ಟು ಮುಚ್ಚಿದರೆ ಟೇಪನ್ನು ಗಿರ್ರನೆ ಹಿಂದಕ್ಕೆ ಸುತ್ತಿಕೊಡುವ ಯಂತ್ರ ಅದು. ತೊಂಬತ್ತರ ದಶಕದಲ್ಲಿ ಇಲ್ಲಿ ಅಮೆರಿಕದಲ್ಲಿ ಮನೆಮನೆಯಲ್ಲೂ ಇಂಥದ್ದೊಂದು ಇರುತ್ತಿತ್ತು. ಹಿಂದಕ್ಕೆ ಸುತ್ತದೆ ಲೈಬ್ರರಿಗೆ ಕೊಟ್ಟರೆ ಕೌಂಟರಿನ ಹೆಂಗಸು ನಮ್ಮನ್ನು ನೋಡುವ ರೀತಿಗೆ ಹೆದರಿ ನಾವೂ ಒಂದು ಕೊಂಡಿದ್ದೆವು. ಆದರೆ ನಮ್ಮ ಮನೆಯಲ್ಲಿ ಅದು ಸವೆದದ್ದು ಲೈಬ್ರರಿಯವಳ ದೆಸೆಯಿಂದಲ್ಲ, ನಮ್ಮ ಅತ್ತೆಯವರ ದೆಸೆಯಿಂದ.

ಅತ್ತೆ ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದವರು. ಮಾವನವರು ತೀರಿಕೊಂಡ ಮಾರನೆಯ ವರ್ಷ ಸುಮಾ ಹಟ ಹಿಡಿದು ಅವರನ್ನು ಇಲ್ಲಿಗೆ, ಷಾರ್ಲಟ್‌ಗೆ ಕರೆಸಿಕೊಂಡಳು. ನಮ್ಮ ಮನೆಯ ಆಚೆ, ಈಗ ಬ್ಯಾಲಂಟೈನ್ ಎಂಬ ಹೆಸರಿನಲ್ಲಿ ಗಾಜಿನ ಆಫೀಸುಗಳು ಎದ್ದಿರುವ ಕಡೆ ಆಗ ಬರೀ ಪೈನ್ ಮರಗಳು. ಅತ್ತೆಗೆ ಅಮೆರಿಕದಲ್ಲಿ ಯಾವುದೂ ಹಿಡಿಸಲಿಲ್ಲ. ರಸ್ತೆಯಲ್ಲಿ ಮನುಷ್ಯರಿಲ್ಲ, ತರಕಾರಿಗೆ ರುಚಿಯಿಲ್ಲ, ಹಾಲಿಗೆ ಕೆನೆಯಿಲ್ಲ. ಹೀಗೆ ಒಂದೊಂದನ್ನೇ ತಳ್ಳಿಹಾಕುತ್ತಾ ಬಂದವರು ಒಂದು ಮಧ್ಯಾಹ್ನ ಲೈಬ್ರರಿಯ ವಿಡಿಯೋ ಕಪಾಟಿನ ಮುಂದೆ ನಿಂತುಬಿಟ್ಟರು.

“ಅಯ್ಯೋ, ನಮ್ಮ ದೊರೆ ಇಲ್ಲಿದ್ದಾನೆ!”

ದೊರೆ ಎಂದರೆ ಬ್ರಿಟನ್ನಿನ ಒಬ್ಬ ನಟ, ನಿರ್ದೇಶಕರೂ ಹೌದು. ಹೆಸರು ಹೇಳಿದರೆ ನಿಮಗೂ ಗೊತ್ತಾಗಬಹುದು. ಆದರೆ ನಮ್ಮ ಮನೆಯಲ್ಲಿ ಆ ಹೆಸರು ಬಳಕೆಯಲ್ಲೇ ಇರಲಿಲ್ಲ, ಹಾಗಾಗಿ ಇಲ್ಲೂ ದೊರೆ ಎಂದೇ ಇರಲಿ. ಅತ್ತೆ, ಮಾವ ಹೊಸದಾಗಿ ಮದುವೆಯಾದಾಗಿನಿಂದ ಮೈಸೂರಿನ ಟಾಕೀಸುಗಳಲ್ಲಿ ಈ ಮನುಷ್ಯನನ್ನು ನೋಡಿಕೊಂಡು ಬಂದಿದ್ದರು. ದೊರೆಯ ಕಥೆಯನ್ನೆಲ್ಲ ಅತ್ತೆ ನನಗೆ ಹುರುಳಿಕಾಯಿ ಸೋಸುತ್ತಾ ಪಾಠದಂತೆ ಹೇಳಿಕೊಟ್ಟರು. ಇಂಗ್ಲೆಂಡಿನ ಉತ್ತರದ ಸಣ್ಣ ಪಟ್ಟಣವೊಂದರ ಟೋಪಿ ಅಂಗಡಿಯವನ ಮಗ. ಓದು ಹತ್ತದೆ ಊರೂರು ಅಲೆಯುವ ನಾಟಕ ಕಂಪನಿ ಸೇರಿದವರು.

“ಕಂಪನಿ ನಾಟಕದಲ್ಲಿ ಪಳಗಿದವನು ಕಣ್ರೀ ರಘು. ಅದಕ್ಕೇ ಒಂದೊಂದು ಮಾತೂ ಕೊನೇ ಬೆಂಚಿಗೂ ಕೇಳ್ಸತ್ತೆ” ಎನ್ನುವರು. ಅವರ ಪಾಲಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಸಿನಿಮಾಕ್ಕೆ ಬಂದ ಮೇಲೆ ಬಹಳ ವರ್ಷ ದೊರೆಗೆ ಸಿಕ್ಕಿದ್ದು ಶ್ರೀಮಂತರ ಮನೆಯ ಬಟ್ಲರ್ ಪಾತ್ರ. ಟ್ರೇ ಹಿಡಿದು ಬರುವುದು, ಟ್ರೇ ಹಿಡಿದು ಹೋಗುವುದು. ಆಮೇಲೆ ಕೊಲೆಯೆಲ್ಲ ಮುಗಿದ ಮೇಲೆ ಬರುವ ಇನ್ಸ್‌ಪೆಕ್ಟರ್. ಆಮೇಲೆ ದನಿ ಏರಿಸದೆಯೇ ಮೈ ನಡುಗಿಸುವ ಖಳನಾಯಕ. ಹೆಸರು ಬಂದದ್ದು ಅದರಿಂದ. ಬೇರೆಯವರಾಗಿದ್ದರೆ ಆ ಕುರ್ಚಿಯಲ್ಲೇ ಕಾಲುಚಾಚಿ ಕೂತುಬಿಡುತ್ತಿದ್ದರು. ದೊರೆ ಕೂದಲು ನೆರೆಯತೊಡಗಿದ ವಯಸ್ಸಿನಲ್ಲಿ ಕ್ಯಾಮೆರಾದ ಹಿಂದಕ್ಕೆ ಹೋದರು. ಮೊದಲ ಚಿತ್ರವನ್ನು ಯಾರೂ ನೋಡಲಿಲ್ಲ, ನೋಡಿದವರು ನಕ್ಕರಂತೆ. ಎರಡನೆಯದು ಸದ್ದಿಲ್ಲದೆ ಓಡಿತು. ಹಾಲಿವುಡ್ಡು ಕರೆಯಿತು. ಹೋದರು, ಹಡಗು ಮುಳುಗುವ ದೊಡ್ಡ ಚಿತ್ರವೊಂದನ್ನು ತೆಗೆದರು, ಹಡಗಿನ ಜೊತೆ ಚಿತ್ರವೂ ಮುಳುಗಿತು. ಸುಮ್ಮನೆ ವಾಪಸು ಬಂದು ಮತ್ತೆ ಸಣ್ಣ ಸಣ್ಣ ಮನೆಗಳ, ಸಣ್ಣ ಸಣ್ಣ ಜನರ ಕಥೆ ತೆಗೆಯತೊಡಗಿದರು.

ಇನ್ನೊಂದು ವಿಷಯವಿದೆ. ತಾವೇ ನಿರ್ದೇಶಿಸುವ ಪ್ರತಿಯೊಂದು ಚಿತ್ರದಲ್ಲೂ ದೊರೆ ತಮಗಾಗಿ ಎಲ್ಲಕ್ಕಿಂತ ಚಿಕ್ಕ ಪಾತ್ರ ಉಳಿಸಿಕೊಳ್ಳುತ್ತಿದ್ದರು. ಪಾರಿವಾಳಕ್ಕೆ ಕಾಳು ಹಾಕುವವನು, ರೈಲಿನ ಟಿಕೆಟ್ ಕಲೆಕ್ಟರ್, ಆಸ್ಪತ್ರೆಯ ಪಕ್ಕದ ಹಾಸಿಗೆಯ ರೋಗಿ. ಅವರನ್ನು ಯಾರು ಮೊದಲು ಗುರುತಿಸುತ್ತಾರೆ ಎಂಬುದು ನನಗೂ ಅತ್ತೆಗೂ ಆಟವಾಯಿತು. ನಾನು ಒಮ್ಮೆಯೂ ಗೆಲ್ಲಲಿಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ವಯಸ್ಸಾದ ಬಿಳಿಯರೆಲ್ಲ ಒಬ್ಬರಂತೆಯೇ ಕಾಣುತ್ತಿದ್ದರು. ಮೊದಲು ಡುಲುತ್ ಎಂಬ ಊರಿನಲ್ಲಿದ್ದಾಗ ನನ್ನ ಮ್ಯಾನೇಜರ್ ಎಂದುಕೊಂಡು ಗ್ಯಾಸ್ ಸ್ಟೇಷನ್ನಿನಲ್ಲಿ ಯಾರೋ ಪಾದ್ರಿಗೆ ರಜೆ ಕೇಳಿದವನು ನಾನು. ಪರದೆಯ ಮೇಲೆ ಯಾರನ್ನೋ ತೋರಿಸಿ “ಇವರೇ!” ಎಂದರೆ ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅವರ ಮಾತಿಗೆ ತಲೆದೂಗುತ್ತಾ ತೂಗುತ್ತಾ ಒಂದು ದಿನ ನಾನೂ ದೊರೆಯ ಭಕ್ತನಾಗಿಬಿಟ್ಟಿದ್ದೆ. ಒಂದು ಮುಖ ಯೋಚಿಸಿ ಮುಗಿಸುವ ತನಕ ಕಾಯುವ ತಾಳ್ಮೆ ಆ ಮನುಷ್ಯನ ಚಿತ್ರಗಳಲ್ಲಿತ್ತು. ಡೆಡ್‌ಲೈನಿನ ಹಿಂದೆ ಓಡುವ ನನಗೆ ಅದನ್ನು ನೋಡುವುದೇ ಒಂದು ವಿಶ್ರಾಂತಿಯಾಗಿತ್ತು.

ಆ ಕೆಂಪು ಕಾರಿನ ರಿವೈಂಡರ್ ಸವೆದದ್ದು ದೊರೆಯ ಆ ಎರಡನೆಯ ಚಿತ್ರದಿಂದ. ಒಬ್ಬ ಗಂಡ ಬೆಳಿಗ್ಗೆ ಪೇಪರ್ ತರುತ್ತೇನೆಂದು ಹೊರಗೆ ಹೋದವನು ವಾಪಸು ಬರುವುದಿಲ್ಲ. ಹೆಂಡತಿ ಅಳುತ್ತಾಳೆ, ಸಿಟ್ಟಾಗುತ್ತಾಳೆ, ಮಕ್ಕಳನ್ನು ಬೆಳೆಸುತ್ತಾಳೆ. ಕೊನೆಯ ದೃಶ್ಯದಲ್ಲಿ ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ. ಮುಂಬಾಗಿಲಿನ ಮಬ್ಬು ಗಾಜಿನ ಮೇಲೆ ಒಬ್ಬ ಗಂಡಸಿನ ನೆರಳು ಬಂದು ನಿಲ್ಲುತ್ತದೆ. ಅವಳು ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾಳೆ. ಅಷ್ಟೇ, ಚಿತ್ರ ಮುಗಿಯಿತು.

ಟಾಕೀಸಿನಿಂದ ಹೊರಗೆ ಬರುತ್ತಾ ಮಾವನವರು “ಪಾಪ, ಕೊನೆಗೂ ಬಂದ” ಎಂದರಂತೆ. ಅತ್ತೆ ಅಲ್ಲೇ ನಿಂತು “ಬಂದಿದ್ದು ಪೋಸ್ಟ್‌ಮ್ಯಾನ್” ಎಂದರಂತೆ. ಹೋದವನು ಬರುವುದು ಕಥೆಯಲ್ಲಿ ಮಾತ್ರ, ಇದು ಅಂಥ ಕಥೆಯಲ್ಲ ಎಂಬುದು ಅವರ ವಾದ. ಮನೆ ಮುಟ್ಟಿದರೂ ವಾದ ಮುಗಿಯಲಿಲ್ಲ. ಸುಮಾ ಹುಟ್ಟಿದಳು, ಬೆಳೆದಳು, ಆಗಲೂ ಮುಗಿದಿರಲಿಲ್ಲ. ಮಿಕ್ಕೆಲ್ಲ ವಿಷಯಕ್ಕೂ ಹೂಂಗುಟ್ಟುತ್ತಿದ್ದ ಮಾವನವರು ಇದೊಂದರಲ್ಲಿ ಮಾತ್ರ ಜಗ್ಗಲಿಲ್ಲ. ಆಫೀಸಿನಿಂದ ಬಂದು ಬಾಗಿಲು ತಟ್ಟುವರು. ಒಳಗಿನಿಂದ ಅತ್ತೆ “ಯಾರು?” ಎನ್ನುವರು. “ಪೋಸ್ಟ್‌ಮ್ಯಾನ್” ಎಂದು ಅತ್ತೆಯನ್ನು ಕೆಣಕುವ ಮಾವನವರ ಉತ್ತರ. “ಕಾಗದ ಬಾಗಿಲ ಸಂದೀಲಿ ಹಾಕಿ ಹೋಗಿ” ಎಂದು ಅತ್ತೆ. ಇದು ಆ ಮನೆಯ ದಿನದ ಕಾರ್ಯಕ್ರಮ. ಮದುವೆಯಾದ ಹೊಸದರಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನಾನು ಪಾಪದ ಪೋಸ್ಟ್‌ಮ್ಯಾನ್‌ಗೆ ಬಾಗಿಲು ತೆಗೆಯಲು ಎದ್ದು ಹೋಗಿದ್ದೆ.

ಈಗ ಷಾರ್ಲಟ್‌ನ ನಮ್ಮ ಫ್ಯಾಮಿಲಿ ರೂಮಿನಲ್ಲಿ ಅತ್ತೆ ಅದೇ ಕೊನೆಯ ದೃಶ್ಯವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ನೋಡುವುದು, ಕೆಂಪು ಕಾರಿನೊಳಗೆ ಕ್ಯಾಸೆಟ್ ಇಡುವುದು, ಗಿರ್ರೆನಿಸುವುದು, ಮತ್ತೆ ಮೊದಲಿನಿಂದ ನೋಡಿ ಅಲ್ಲಿಗೆ ಬರುವುದು. ವಿಸಿಆರ್‌ನಲ್ಲೇ ಹಿಂದಕ್ಕೆ ಓಡಿಸಬಹುದು ಎಂದು ನಾನು ತೋರಿಸಿದೆ. ಪೂರ್ತಿ ನೋಡದೆ ಬರೀ ಕೊನೆ ನೋಡಿದರೆ ಅದು ಕಾಪಿ ಹೊಡೆದಂತೆ ಎಂದರು. ಒಂದು ದಿನ ಟಿವಿ ಆರಿಸಿ, ನನ್ನ ಕಡೆ ತಿರುಗದೆಯೇ ಕೇಳಿದರು.

“ರಘು, ಅವರು ಹೇಳಿದ್ದೇ ಸರಿ ಇರ್ಬಹುದಾ?”

ಮಾವನವರು ಇರುವತನಕ ಪೋಸ್ಟ್‌ಮ್ಯಾನ್ ಎಂದು ಪಟ್ಟು ಹಿಡಿದವರಿಗೆ, ಅವರು ಹೋದ ಮೇಲೆ ಆ ನೆರಳು ಗಂಡನದ್ದೇ ಆಗಿರಲಿ ಎಂಬ ಆಸೆ ಹುಟ್ಟಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವರು. ನನಗೆ ಅವತ್ತು ಅವರ ಮೇಲೆ ತುಂಬಾ ಪ್ರೀತಿ ಬಂತು.

ನಡುವೆ ವಾಷಿಂಗ್ಟನ್ ತೋರಿಸಲು ಕರೆದುಕೊಂಡು ಹೋದೆವು. ವೈಟ್ ಹೌಸಿನ ಮುಂದೆ ನಿಲ್ಲಿಸಿದರೆ “ನಮ್ಮ ಅರಮನೆ ಇದರಪ್ಪ” ಎಂದುಬಿಟ್ಟು, ಕಾಲುನೋವೆಂದು ಮ್ಯೂಸಿಯಂ ಒಂದರೊಳಗೆ ಹೋಗಿ ಕೂತರು. ಅಲ್ಲಿ ಬಿಟ್ಟಿ ಹಳೆಯ ಸಿನಿಮಾ ತೋರಿಸುತ್ತಿದ್ದರು, ದೊರೆ ಟ್ರೇ ಹಿಡಿದ ಕಾಲದ್ದು. ನಾವು ಹೊರಗೆ ಬಿಸಿಲಿನಲ್ಲಿ ಕಾದೆವು. ಆಚೆ ಬಂದಾಗ ಅವರ ಮುಖ ಫಳಫಳ ಹೊಳೆಯುತ್ತಿತ್ತು. ವಾಷಿಂಗ್ಟನ್ ಬಹಳ ಚೆನ್ನಾಗಿದೆ ಎಂದು ಮೈಸೂರಿಗೆ ಫೋನ್ ಮಾಡಿ ಹೇಳಿದರು.

ಅತ್ತೆ ಊರಿಗೆ ಹೊರಡುವ ದಿನ ಹತ್ತಿರ ಬಂದಾಗ ನನ್ನ ಆಫೀಸಿನ ಸಹೋದ್ಯೋಗಿ ಒಬ್ಬಳು ಕಾಫಿ ಕುಡಿಯುತ್ತಾ ಹೇಳಿದಳು: ನಮ್ಮಜ್ಜಿಯ ಹಳೇ ಮನೆಯಲ್ಲಿ ಸಿನಿಮಾ ಶೂಟಿಂಗ್ ನಡೀತಿದೆ, ಯಾರೋ ವಯಸ್ಸಾದ ಬ್ರಿಟಿಷ್ ಡೈರೆಕ್ಟರು. ಹೆಸರು ಕೇಳಿ ನನ್ನ ಕಾಫಿ ಶರ್ಟಿನ ಮೇಲೆ ಚೆಲ್ಲಿತು. ಮನೆ ಇದ್ದದ್ದು ಇದೇ ನಾರ್ತ್ ಕೆರೊಲಿನಾದ ಒಂದು ಸಣ್ಣ ಊರಿನಲ್ಲಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಅತ್ತೆಯವರ ವಿಷಯ ಹೇಳಿದೆ, ಊಟದ ಬಿಡುವಿನಲ್ಲಿ ಅವರನ್ನು ಕರೆದುಕೊಂಡು ಬಾ ಎಂದಳು.

ಅತ್ತೆಗೆ ಹೇಳಿದೆ. ಅವರು “ಅವನನ್ನೇ ಕೇಳಿಬಿಡ್ತೀನಿ” ಎಂದಷ್ಟೇ ಹೇಳಿ ಸೀರೆ ಇಸ್ತ್ರಿ ಮಾಡಲು ಹೋದರು.

ನಾನು ಸುಮ್ಮನೆ ಹೋಗಿಬರಬಹುದಿತ್ತು. ಆದರೆ ಬಾಯಿ ತಡೆಯದೆ ಕನ್ನಡ ಸಂಘದ ಅಧ್ಯಕ್ಷ ಶ್ರೀಕಂಠನಿಗೆ ಹೇಳಿದೆ. ಶ್ರೀಕಂಠ ಬಂಗಾರದಂಥ ಮನುಷ್ಯ. ಆದರೆ ಅವನಿಗೆ ಒಂದು ಚಟ, ಸನ್ಮಾನ. ನಮ್ಮ ಸೀಮೆಗೆ ಯಾವ ಗಣ್ಯರು ಕಾಲಿಟ್ಟರೂ ಸನ್ಮಾನವಿಲ್ಲದೆ ವಾಪಸು ಹೋಗಕೂಡದು. ಅದಕ್ಕೆಂದೇ ಅವನ ಕಾರಿನ ಟ್ರಂಕಿನಲ್ಲಿ ಸದಾ ಒಂದು ರಟ್ಟಿನ ಡಬ್ಬ ಸಿದ್ಧವಾಗಿರುತ್ತಿತ್ತು. ಜರಿಯ ಶಾಲು, ಗಂಧದ ಹಾರ, ಮೈಸೂರು ಪೇಟ. ಹಣ್ಣು ಮಾತ್ರ ದಾರಿಯಲ್ಲಿ ತಾಜಾ ಕೊಳ್ಳುವುದು.

“ಗುರೂ, ಅಂಥ ದೊಡ್ಡ ಮನುಷ್ಯ ಇಷ್ಟು ಹತ್ರ ಬಂದಿದಾರೆ, ಬರೀ ಕೈಲಿ ಹೋಗ್ತೀಯಾ? ನಾನೂ ಡ್ರೈವ್ ಮಾಡ್ಕೊಂಡು ಬರ್ತೀನಿ, ಅಲ್ಲೇ ಮೀಟ್ ಮಾಡೋಣ” ಎಂದ.

ಮೇಘನಾಗೆ ಚಿಕನ್‌ಪಾಕ್ಸ್ ಆಗಿದ್ದರಿಂದ ಸುಮಾ ಮನೆಯಲ್ಲೇ ಉಳಿದಳು. ಊಟದ ಬಿಡುವಿಗೆ ಸ್ವಲ್ಪ ಮೊದಲೇ ನಾನು, ಅತ್ತೆ ಹೋಗಿ ತಲುಪಿದಾಗ ಶ್ರೀಕಂಠ ಡಬ್ಬ ಹಿಡಿದು, ಸೂಟ್ ಹಾಕಿಕೊಂಡು ಆಗಲೇ ಗೇಟಿನ ಬಳಿ ನಿಂತಿದ್ದ. ಹಳೆಯ ಬಿಳಿ ಮರದ ಮನೆ. ಮುಂದೆ ಪೋರ್ಚ್. ಪೋರ್ಚಿನ ತೂಗುಕುರ್ಚಿಯಲ್ಲಿ ನೆರೆಗೂದಲಿನ, ಎತ್ತರದ ಮನುಷ್ಯರೊಬ್ಬರು ಕೋಟು ಹಾಕಿಕೊಂಡು ಅಲುಗಾಡದೆ ಕೂತಿದ್ದರು. ಸುತ್ತಲ ದೀಪಗಳೆಲ್ಲ ಅವರ ಮೇಲೆ. ಎದುರಿಗೆ ನಿಂತ ಜನರೆಲ್ಲ ಅವರನ್ನೇ ನೋಡುತ್ತಿದ್ದಾರೆ. ಕನ್ನಡಿಗನಾದವನಿಗೆ ಇನ್ನೇನು ಗುರುತು ಬೇಕು? ದೀಪದ ಕೆಳಗೆ ಸುಮ್ಮನೆ ಕೂತವರೇ ಮುಖ್ಯ ಅತಿಥಿ.

ಶ್ರೀಕಂಠ ತಡಮಾಡಲಿಲ್ಲ. ಮೆಟ್ಟಿಲು ಹತ್ತಿದವನೇ ಶಾಲು ಹೊದಿಸಿದ, ಹಾರ ಹಾಕಿದ, ಪೇಟ ಇಟ್ಟ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟ. ಆ ಮನುಷ್ಯರು ಬಾಯಿ ತೆರೆದರು, ಮುಚ್ಚಿದರು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಶೂಟಿಂಗಿನವರು ಯಾರೂ ತಡೆಯಲಿಲ್ಲ, ಬಹುಶಃ ಇದೂ ಕಥೆಯಲ್ಲಿ ಇದೆಯೆಂದುಕೊಂಡಿರಬೇಕು. ಶ್ರೀಕಂಠ ಸುತ್ತ ನೋಡಿ, ಕ್ಯಾಮೆರಾದ ಪಕ್ಕ ಹಳೆಯ ಸ್ವೆಟರ್ ಹಾಕಿ ಬೇಸ್‌ಬಾಲ್ ಕ್ಯಾಪ್ ಇಟ್ಟುಕೊಂಡು ನಿಂತಿದ್ದ ಮುದುಕರೊಬ್ಬರ ಕೈಗೆ ತನ್ನ ಪುಟ್ಟ ಕ್ಯಾಮೆರಾ ಕೊಟ್ಟು, “ಸರ್, ಪ್ಲೀಸ್, ಒನ್ ಫೋಟೋ” ಎಂದ. ಅವರು ಕ್ಯಾಪನ್ನು ಹಿಂದಕ್ಕೆ ತಿರುಗಿಸಿ, ನಮ್ಮನ್ನು ಸ್ವಲ್ಪ ಎಡಕ್ಕೆ ಸರಿಸಿ, ಅತ್ತೆಯವರನ್ನು ಮುಂದಕ್ಕೆ ಕರೆದು ನಿಲ್ಲಿಸಿ, ತಾಳ್ಮೆಯಿಂದ ಒಂದು ಫೋಟೋ ತೆಗೆದರು.

ಕೆಳಗಿಳಿದಾಗ ಅತ್ತೆ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: “ಇವತ್ತೂ ಸೋತಿರಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೇಟ ಧರಿಸಿ ಕೂತಿದ್ದವರು ಸ್ಟ್ಯಾಂಡ್-ಇನ್. ಎಂದರೆ ದೀಪ ಹೊಂದಿಸುವ ತನಕ ನಟನ ಜಾಗದಲ್ಲಿ, ಅವನಂಥದ್ದೇ ಬಟ್ಟೆ ತೊಟ್ಟು ಕೂರುವವರು. ಫೋಟೋ ತೆಗೆದವರು ದೊರೆ. ಅತ್ತೆ ಗೇಟಿನಲ್ಲೇ ಗುರುತು ಹಿಡಿದಿದ್ದರು. ಕೂಗಬೇಕೆನ್ನುವಷ್ಟರಲ್ಲಿ ದೊರೆ ಅವರನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರಂತೆ.

ಭೂಮಿ ಬಾಯಿಬಿಡಬಾರದೇ ಎನಿಸಿ ನಾನು ಕ್ಷಮೆ ಕೇಳಲು ಓಡಿದೆ. ದೊರೆ ಅಷ್ಟರಲ್ಲಿ ಕೈಯಲ್ಲೊಂದು ಪೇಪರ್ ಪ್ಲೇಟ್ ಹಿಡಿದು ಊಟದ ಸಾಲಿನ ಕೊನೆಯಲ್ಲಿ ನಿಂತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. “ಸುಮ್ಮನಿರಿ. ನನ್ನ ಮೊದಲ ಚಿತ್ರದಿಂದ ಅವನು ನನಗಾಗಿ ಬಿಸಿ ದೀಪದ ಕೆಳಗೆ ಕೂತಿದ್ದಾನೆ. ಅವನಿಗೆ ಯಾರಾದರೂ ಕಿರೀಟ ಇಟ್ಟದ್ದು ಇದೇ ಮೊದಲು. ನನಗೆ ಯಾಕೆ ಇದು ಹೊಳೆಯಲಿಲ್ಲ ಅಂತ ನಾಚಿಕೆಯಾಗುತ್ತಿದೆ.” ಶ್ರೀಕಂಠನಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಅತ್ತ ಆ ಸ್ಟ್ಯಾಂಡ್-ಇನ್ ಪೇಟ ತೆಗೆಯದೆಯೇ ಊಟ ಮಾಡುತ್ತಿದ್ದರು, ಪಕ್ಕದಲ್ಲಿ ಶ್ರೀಕಂಠ ಸಂಘದ ಧ್ಯೇಯೋದ್ದೇಶ ವಿವರಿಸುತ್ತಿದ್ದ.

ದೊರೆ ಪ್ಲೇಟ್ ಹಿಡಿದು ಬಂದು ಪೋರ್ಚಿನ ಮೆಟ್ಟಿಲ ಮೇಲೆ ಅತ್ತೆಯವರ ಪಕ್ಕ ಕೂತರು. ಅತ್ತೆ ತಮ್ಮ ಹೈಸ್ಕೂಲು ಇಂಗ್ಲಿಷಿನಲ್ಲಿ ಒಂದು ತಪ್ಪೂ ಇಲ್ಲದೆ ಮಾತು ಶುರುಮಾಡಿದರು. ಹಡಗಿನ ಚಿತ್ರ ಕಳಪೆ ಎಂದರು. “ಮೇಡಂ, ನೀವು ಬಹಳ ಉದಾರಿಗಳು” ಎಂದರು ದೊರೆ. ಆಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು ಕೇಳಿದರು: “ನಿಮ್ಮ ಎರಡನೆಯ ಚಿತ್ರದ ಕೊನೆಯಲ್ಲಿ ಬಾಗಿಲಲ್ಲಿ ನಿಂತವರು ಯಾರು? ಆ ಮನೆಯವನೇ ಬಂದ ಅಂತ ನನ್ನ ಗಂಡ ಹೇಳುತ್ತಿದ್ದರು. ನಾನು ಪೋಸ್ಟ್‌ಮ್ಯಾನ್ ಅಂತಿದ್ದೆ. ಈಗ ಅವರಿಲ್ಲ.”

ದೊರೆ ತಟ್ಟೆ ಕೆಳಗಿಟ್ಟರು. ಅವರ ಚಿತ್ರಗಳಲ್ಲಿ ಮುಖಗಳು ಯೋಚಿಸುವುದನ್ನು ನೋಡಿದ್ದ ನನಗೆ ಅವರ ಮುಖವೇ ಯೋಚಿಸುವುದನ್ನು ನೋಡುವ ಭಾಗ್ಯ ಬಂತು.

“ಇದನ್ನು ಎಷ್ಟೋ ಜನ ಕೇಳಿದ್ದಾರೆ. ನೋಡಿದವರಿಗೆ ಬಿಟ್ಟದ್ದು ಅಂತ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಮಗೆ ಹಾಗೆ ಹೇಳಲಾರೆ” ಎಂದರು. ನಂತರ ಪೇಟದವರ ಕಡೆ ಕೈ ತೋರಿಸಿದರು. “ಗಾಜಿನ ಹಿಂದೆ ನಿಂತವನು ಅವನೇ. ಬೆಲ್ ಒತ್ತಲಾ ಅಂತ ಕೇಳಿದ. ಬೇಡ ಅಂದು ನನ್ನ ಜೇಬಿನಿಂದ ನಮ್ಮ ಮನೆಯ ಬೀಗದ ಕೈ ತೆಗೆದು ಅವನ ಕೈಗೆ ಕೊಟ್ಟೆ. ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ, ಬರೀ ನೆರಳು. ಆದರೆ ಕೈಯಲ್ಲಿ ಬೀಗದ ಕೈ ಇದ್ದವನು ಬಾಗಿಲ ಮುಂದೆ ನಿಲ್ಲುವ ರೀತಿಯೇ ಬೇರೆ ಮೇಡಂ. ನಿಮ್ಮ ಗಂಡ ಅದನ್ನು ನೋಡಿದ್ದಾರೆ.”

ಅತ್ತೆ ತಲೆಯಾಡಿಸಿದರು. ದೊರೆ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಒಳಗಿನಿಂದ ಯಾರೋ ಕರೆದರು, ಹೋಗಲಿಲ್ಲ. ಇನ್ನೊಮ್ಮೆ ಕರೆದರು, ಆಗಲೂ ಏಳಲಿಲ್ಲ. ಆ ಮನುಷ್ಯನ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದ್ದೇನೆ. ಬಿರುದು, ಬಹುಮಾನ ಎಲ್ಲ ಬಂದವು. ನನಗೆ ಅವರ ದೊಡ್ಡತನ ಗೊತ್ತಾದದ್ದು ಆ ಮೆಟ್ಟಿಲ ಮೇಲೆ.

ಫೋಟೋ ಈಗಲೂ ನಮ್ಮ ಹಾಲಿನಲ್ಲಿದೆ. ಸಂಘದ ಫೋಟೋಗಳಲ್ಲಿ ಒಬ್ಬರದಾದರೂ ತಲೆ ಕತ್ತರಿಸಿಹೋಗಿರುವುದು ರೂಢಿ. ಇದರಲ್ಲಿ ಎಲ್ಲರ ತಲೆಯೂ ಇದೆ, ಬೆಳಕು ಸರಿಯಾಗಿ ಅತ್ತೆಯವರ ಮುಖದ ಮೇಲಿದೆ. ಬಂದವರು ಪೇಟ ಧರಿಸಿದವರನ್ನು ತೋರಿಸಿ “ಯಾರಿದು, ಫೇಮಸ್ಸಾ?” ಎನ್ನುತ್ತಾರೆ. ಶ್ರೀಕಂಠ ಎದುರಿಗಿದ್ದರೆ ಹೌದು ಎನ್ನುತ್ತೇನೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು. “ಅವರೇ ಗೆದ್ರು ನೋಡಿ. ಹೇಳೋಣ ಅಂದ್ರೆ ಮನುಷ್ಯ ಇಲ್ಲ.”

ಸಂಜೆಯಾಗಿತ್ತು. ಪೋರ್ಚಿನ ಲೈಟು ಹತ್ತಿತ್ತು. ನಾನು ಕೀ ತೆಗೆದು ಬಾಗಿಲಿಗೆ ಹಾಕಲು ಹೋದೆ. ಅತ್ತೆ ನನ್ನ ಕೈ ತಡೆದು ತಾವೇ ಬಾಗಿಲು ತಟ್ಟಿದರು.

“ಯಾರು?” ಒಳಗಿನಿಂದ ಸುಮಾ ಕೇಳಿದಳು.

“ಪೋಸ್ಟ್‌ಮ್ಯಾನ್” ಎಂದರು ಅತ್ತೆ.

ಆ ಮಾತನ್ನು ಆ ಬಾಯಲ್ಲಿ ಸುಮಾ ಎಂದೂ ಕೇಳಿರಲಿಲ್ಲ. ಅವಳು ಬಾಗಿಲ ಹತ್ತಿರ ಬಂದು ನಿಂತದ್ದು ಗಾಜಿನಲ್ಲಿ ಮಸುಕಾಗಿ ಕಾಣಿಸಿತು. ಆಮೇಲೆ ಅವಳ ದನಿ ಬಂತು, ಅರ್ಧ ನಗು, ಅರ್ಧ ಅಳು. “ಕಾಗದ ಬಾಗಿಲ ಸಂದೀಲಿ ಹಾಕಿ ಹೋಗಿ.”

“ಆಗಲ್ಲ ಕಣೇ” ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತಾ. “ಇದು ನನ್ನ ಮನೆ. ಒಳಗೆ ಬರ್ಬೇಕು.”